ಬಿಸಿಯೂಟದ ದಾಸ್ತಾನು ವಹಿ: ಇದರಲ್ಲಿಯೂ ನಂಬಿಗಸ್ತಿಕೆಯ ಪ್ರಶ್ನೆ ಇದೆಯೇ?

ಪ್ರಶ್ನೆ (ಶಾಲಾ ಶಿಕ್ಷಕ)

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಿಸಿಯೂಟದ ದಾಸ್ತಾನು ವಹಿಯನ್ನು ಬರೆಯುವ ಹೊಣೆ ಮೂರು ವರ್ಷಗಳಿಂದ ನನ್ನ ಮೇಲಿದೆ. ಊಟಕ್ಕೆ ಕುಳಿತ ಮಕ್ಕಳನ್ನು ದಿನವೂ ಎಣಿಸಿ, ಖರ್ಚಾದ ಅಕ್ಕಿ, ಬೇಳೆ, ಎಣ್ಣೆಯನ್ನು ಅಂದೇ ನಮೂದಿಸಬೇಕು. ನಾನಾದರೋ ಶನಿವಾರ ಕುಳಿತು ಇಡೀ ವಾರದ್ದನ್ನು ಅಂದಾಜಿನ ಮೇಲೆ ತುಂಬುತ್ತೇನೆ. ಒಂದು ಹಿಡಿ ಅಕ್ಕಿಯನ್ನೂ ಮನೆಗೆ ಒಯ್ದವನಲ್ಲ. ಆದರೆ ಸಭೆಯ ಕಾಣಿಕೆಯನ್ನು ಇಬ್ಬರ ಮುಂದೆ ಎರಡು ಸಲ ಎಣಿಸಿ ರುಜು ಹಾಕುವ ನಾನೇ ಶಾಲೆಯಲ್ಲಿ ಹೀಗೆ ನಡೆದುಕೊಳ್ಳುತ್ತಿರುವುದು, ಕಳೆದ ಭಾನುವಾರ ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನಾಗಿರುವನೆಂಬ ಲೂಕ 16:10ರ ಪ್ರಸಂಗವನ್ನು ಕೇಳುವಾಗ ಮನಸ್ಸನ್ನು ಚುಚ್ಚಿತು. ಇದು ಬರಿಯ ಸೋಮಾರಿತನವೋ, ನಂಬಿಕೆದ್ರೋಹವೋ? ತಿದ್ದಿಕೊಳ್ಳುವುದು ಹೇಗೆ?

ಉತ್ತರ 1 (ನಿವೃತ್ತ ಸಭಾಪಾಲಕ)

ಸಹೋದರರೇ, ನಿಮ್ಮ ಪ್ರಶ್ನೆಗೆ ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯವು ಇನ್ನೂ ಹತ್ತಿರವೆಂದು ನನಗೆ ತೋರುತ್ತದೆ, ಏಕೆಂದರೆ ಅದೂ ಉಗ್ರಾಣದ ಸಂಗತಿಯೇ. ನೆಹೆಮೀಯನು ಯೆರೂಸಲೇಮಿಗೆ ಮರಳಿದಾಗ, ಸಲ್ಲಬೇಕಾದ ಪಾಲು ಸಲ್ಲದ ಕಾರಣ ಲೇವಿಯರು ದೇವಾಲಯದ ಸೇವೆಯನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ಆಗ ಅವನು ಧಾನ್ಯ, ದ್ರಾಕ್ಷಾರಸ, ಎಣ್ಣೆಗಳ ಉಗ್ರಾಣಕ್ಕೆ ಒಬ್ಬ ಯಾಜಕನನ್ನೂ ಒಬ್ಬ ಲೇಖಕನನ್ನೂ ಒಬ್ಬ ಲೇವಿಯನನ್ನೂ ಅವರಿಗೊಬ್ಬ ಸಹಾಯಕನನ್ನೂ ನೇಮಿಸಿದನು. ಅವರನ್ನು ಆರಿಸಿದ್ದಕ್ಕೆ ಅಲ್ಲಿ ಕೊಟ್ಟಿರುವ ಕಾರಣ, ಅವರು ನಂಬಿಗಸ್ತರೆಂದು ಎಣಿಸಲ್ಪಟ್ಟಿದ್ದರು ಎಂಬುದೊಂದೇ.

ನಿಮ್ಮ ಅಂದಾಜನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂಬುದು ನಿಯಮ. ದಿನಕ್ಕೆ ಒಂಬತ್ತು ಮಕ್ಕಳನ್ನು ಹೆಚ್ಚು ಬರೆದರೂ 20 ದಿನಗಳಲ್ಲಿ 18 ಕಿಲೋ ಅಕ್ಕಿ ವಹಿಯಲ್ಲಿ ಖರ್ಚಾಗಿ, ಚೀಲದಲ್ಲಿ ಹಾಗೆಯೇ ಉಳಿದಿರುತ್ತದೆ. ನೀವು ಅದನ್ನು ಮುಟ್ಟಲಿಕ್ಕಿಲ್ಲ. ಆದರೆ ಲೆಕ್ಕಕ್ಕಿಲ್ಲದ ಆ ಅಕ್ಕಿ ಮತ್ತೊಬ್ಬರಿಗೆ ಶೋಧನೆ, ಅಂದರೆ ಪ್ರಲೋಭನೆ, ಆದೀತು. ನೀವು ಕಡಿಮೆ ಬರೆದಿದ್ದರೆ, ಅನುಮಾನ ಬೀಳುವುದು ಪಾಪ, ಅಡುಗೆಯವರ ಮೇಲೆ.

ಉತ್ತರ 2 (ಮನೆವಾರ್ತೆಯವಳು)

ಸಭಾಪಾಲಕರ ಮಾತನ್ನು ಒಪ್ಪುತ್ತೇನೆ, ಆದರೆ ಸಹೋದರರು ಇದನ್ನೇ ನೆನೆದು ಕೊರಗುತ್ತ ಕೂರಬಾರದು. ನಾನು ಅತ್ತೆಯವರಿಗೆ ಮಾತ್ರೆ ಕೊಟ್ಟು ಚೀಟಿಯಲ್ಲಿ ಗುರುತು ಹಾಕುವುದನ್ನು ರಾತ್ರಿ ಒಟ್ಟಿಗೆ ಮುಗಿಸುತ್ತಿದ್ದೆ. ಒಂದು ದಿನ ಮಧ್ಯಾಹ್ನ ಅವರಿಗೆ ತಲೆ ಸುತ್ತಿದಾಗ, ಬೆಳಗಿನ ಬಿಪಿ ಮಾತ್ರೆ ಕೊಟ್ಟೆನೋ ಇಲ್ಲವೋ ಎಂದು ವೈದ್ಯರಿಗೆ ಹೇಳಲಾಗದೆ ನಿಂತೆ. ಹೊತ್ತಿಗೆ ಸರಿಯಾಗಿ ಹಾಕದ ಗುರುತು ಯಾರ ಉಪಯೋಗಕ್ಕೂ ಬರುವುದಿಲ್ಲವೆಂದು ಅಂದು ಕಲಿತೆ.

ಇನ್ನು, ಇದೊಂದು ಚಿಕ್ಕ ವಹಿ ತಾನೇ ಎನ್ನುವವರು ಮತ್ತಾಯ 25ರಲ್ಲಿ, ಧಣಿಯೊಬ್ಬನು ತನ್ನ ಆಳುಗಳಿಗೆ ತಲಾಂತುಗಳೆಂಬ ಹಣವನ್ನು ಒಪ್ಪಿಸಿ ಹೋದ ಸಾಮ್ಯವನ್ನು ನೋಡಬೇಕು. ಒಂದು ತಲಾಂತು ಎಂದರೆ ಸುಮಾರು 6,000 ದಿನಗಳ ಕೂಲಿ. ಐದು ತಲಾಂತು ಒಬ್ಬ ಕೂಲಿಯಾಳಿನ ಜೀವಮಾನದ ಗಳಿಕೆಯನ್ನೂ ಮೀರುತ್ತದೆ. ಧಣಿ ಅದನ್ನೇ ‘ಸ್ವಲ್ಪ’ ಎನ್ನುತ್ತಾನೆ! ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬ ಅಳತೆ ಆಳಿನ ಕೈಯಲ್ಲಿಲ್ಲ.

ಉತ್ತರ 3 (ಲೆಕ್ಕಪತ್ರದ ಗುಮಾಸ್ತ)

ಎರಡೇ ಮಾತು. ವಹಿಯನ್ನು ಊಟದ ಪಡಸಾಲೆಗೇ ಒಯ್ಯಿರಿ. ಮಕ್ಕಳು ಕೈತೊಳೆಯಲು ಏಳುವ ಮೊದಲೇ ಸಂಖ್ಯೆ ಬರೆಯಿರಿ. ಹಳೆಯ ತಪ್ಪನ್ನು ಗುಟ್ಟಾಗಿ ಸರಿಹೊಂದಿಸಲು ಹೋಗಬೇಡಿ, ಅದು ಎರಡನೆಯ ಸುಳ್ಳಾಗುತ್ತದೆ. ಮುಖ್ಯೋಪಾಧ್ಯಾಯರ ಎದುರಿನಲ್ಲಿಯೇ ದಾಸ್ತಾನನ್ನು ತೂಗಿಸಿ, ವ್ಯತ್ಯಾಸವನ್ನು ಇದ್ದಂತೆಯೇ ದಾಖಲಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ತಿಳಿಸಿ, ಅವರ ಎದುರಿನಲ್ಲಿ ಅಕ್ಕಿಯನ್ನು ತೂಗಿಸಿದೆವು. ವಹಿಯಲ್ಲಿರುವುದಕ್ಕಿಂತ 14 ಕಿಲೋ ಹೆಚ್ಚಿತ್ತು. ಅವರು ಬೇಸರಪಟ್ಟರು, ಬಳಿಕ ಅದನ್ನು ಬರೆಸಿ ರುಜು ಹಾಕಿದರು. ಇಂದು ಪಡಸಾಲೆಯಲ್ಲಿ ಎಣಿಸಿದಾಗ ಊಟಕ್ಕೆ ಕುಳಿತಿದ್ದವರು 117 ಮಕ್ಕಳು. ಶನಿವಾರದವರೆಗೆ ಕಾದಿದ್ದರೆ ನಾನು 125 ಎಂದು ಬರೆಯುತ್ತಿದ್ದೆ.