ಸರ್ಟಿಫಿಕೇಟ್ ನವೀಕರಣ: ಪೂರ್ತಿ ಪರೀಕ್ಷೆ ಮತ್ತೆ ಬರೆಯಬೇಕೇ?

ವಾಕಡ್ ವಾಸಿ: ಪುಣೆಯ ಐಟಿ ಕಂಪನಿಗಳಲ್ಲಿರುವ ಕನ್ನಡಿಗರ ಅಭಿಪ್ರಾಯ ಬೇಕಾಗಿದೆ. ಸಿಕೆಎ, ಅಂದರೆ ಕುಬರ್ನೆಟೀಸ್ (ಹಲವು ಸರ್ವರ್ ಯಂತ್ರಗಳ ಮೇಲೆ ತಂತ್ರಾಂಶಗಳನ್ನು ನಡೆಸಿ ನಿರ್ವಹಿಸುವ ವ್ಯವಸ್ಥೆ) ಅಡ್ಮಿನಿಸ್ಟ್ರೇಟರ್ ಸರ್ಟಿಫಿಕೇಟಿಗೆ ಮೊದಲು ಮೂರು ವರ್ಷಗಳ ಅವಧಿಯಿತ್ತು. 2024ರ ಏಪ್ರಿಲ್ 1ರಿಂದ ಅದನ್ನು ಎರಡು ವರ್ಷಕ್ಕೆ ಇಳಿಸಿದ್ದಾರೆ, ನವೀಕರಣಕ್ಕೆ ಅದೇ ಪರೀಕ್ಷೆಯನ್ನು ಪೂರ್ತಿಯಾಗಿ ಮತ್ತೆ ಬರೆಯಬೇಕು. ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಅಜೂರ್‌ನ ಅಡ್ಮಿನಿಸ್ಟ್ರೇಟರ್ ಸರ್ಟಿಫಿಕೇಟಿನ ಅವಧಿ ಒಂದೇ ವರ್ಷವಾದರೂ, ಅದು ಮುಗಿಯುವುದಕ್ಕೆ ಆರು ತಿಂಗಳಿರುವಾಗಲೇ ಅವರ ಲರ್ನ್ ಜಾಲತಾಣದಲ್ಲಿ ಒಂದು ಸಣ್ಣ ಪರೀಕ್ಷೆಯನ್ನು ಉಚಿತವಾಗಿ, ಯಾರ ಕಾವಲೂ ಇಲ್ಲದೆ ಮುಗಿಸಬಹುದು. ದಿನನಿತ್ಯ ಅದೇ ಕೆಲಸ ಮಾಡುವವರು ತಮಗೆ ಗೊತ್ತಿರುವುದನ್ನೇ ದುಡ್ಡು ಕೊಟ್ಟು ಮತ್ತೆ ರುಜುವಾತುಪಡಿಸಬೇಕು ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಹಿಂಜವಡಿ ಇಂಜಿನಿಯರ್: ಈ ಮಾತನ್ನು ನಾನು ಒಪ್ಪುವುದಿಲ್ಲ. ಕುಬರ್ನೆಟೀಸ್‌ನ ಹೊಸ ಆವೃತ್ತಿ ವರ್ಷಕ್ಕೆ ಸುಮಾರು ಮೂರು ಸಲ ಬರುತ್ತದೆ, ಒಂದೊಂದಕ್ಕೂ ಸಿಗುವ ಬೆಂಬಲ ಹೆಚ್ಚುಕಡಿಮೆ 14 ತಿಂಗಳು ಮಾತ್ರ. ಅಂದರೆ ನೀವು ಪರೀಕ್ಷೆ ಬರೆದಾಗ ಇದ್ದ ಆವೃತ್ತಿಗೆ ಎರಡು ವರ್ಷ ತುಂಬುವ ಮೊದಲೇ ಬೆಂಬಲ ನಿಂತಿರುತ್ತದೆ. 2025ರ ಫೆಬ್ರುವರಿಯಲ್ಲಿ ಪಠ್ಯಕ್ರಮವನ್ನೇ ಬದಲಿಸಿ ಗೇಟ್‌ವೇ ಎಪಿಐ, ಹೆಲ್ಮ್, ಕಸ್ಟಮೈಸ್ ಎಂಬ ಸಾಧನಗಳನ್ನೆಲ್ಲ ಸೇರಿಸಿದರು. ಅದಕ್ಕಿಂತ ಮೊದಲು ಪಾಸಾದವರಿಗೆ ಇವು ಬರುತ್ತವೆ ಎಂದು ಆ ಸರ್ಟಿಫಿಕೇಟ್ ನೋಡಿ ಹೇಗೆ ಹೇಳುವುದು? ಎರಡು ಗಂಟೆಯೊಳಗೆ ಟರ್ಮಿನಲ್ಲಿನಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ, ಕೆಟ್ಟುನಿಂತ ನೋಡ್ (ವ್ಯವಸ್ಥೆಯ ಒಂದು ಯಂತ್ರ) ಸರಿಪಡಿಸಿ ತೋರಿಸಬೇಕಾದ ಪರೀಕ್ಷೆ ಅದು. ಅಧಿಕೃತ ಡಾಕ್ಯುಮೆಂಟೇಶನ್ ನೋಡಲು ಅವಕಾಶವೂ ಇದೆ, ಹಾಗಾಗಿ ಬಾಯಿಪಾಠದ ಪ್ರಶ್ನೆಯೇ ಬರುವುದಿಲ್ಲ. ಮೈಕ್ರೋಸಾಫ್ಟಿನದರಂತೆ ಕಾವಲಿಲ್ಲದೆ, ಹುಡುಕಿ ಹುಡುಕಿ ಉತ್ತರ ಒತ್ತಬಹುದಾದ ಪರೀಕ್ಷೆಗೆ ಸಂದರ್ಶನದಲ್ಲಿ ನಾನು ಅಷ್ಟೇ ಬೆಲೆ ಕೊಡಲಾರೆ.

ಖರಾಡಿ ನೆಟ್‌ವರ್ಕ್: ಮೂರನೆಯ ದಾರಿಯೊಂದಿದೆ. ಸಿಸ್ಕೋದ ಸಿಸಿಎನ್‌ಎ ಎಂಬ ನೆಟ್‌ವರ್ಕ್ ಸರ್ಟಿಫಿಕೇಟ್ ಮೂರು ವರ್ಷದ್ದು. ಪರೀಕ್ಷೆ ಬರೆದಾದರೂ ನವೀಕರಿಸಬಹುದು, ಕಲಿಕೆಯ 30 ಕ್ರೆಡಿಟ್ ಗಳಿಸಿಯಾದರೂ ನವೀಕರಿಸಬಹುದು. ಕ್ರೆಡಿಟ್‌ಗಾಗಿ ಪಾಠದ ವೀಡಿಯೊ ಓಡಲು ಬಿಟ್ಟು ಬೇರೆ ಕೆಲಸ ಮಾಡುವವರಿದ್ದಾರೆ ಎಂಬುದು ನಿಜವೇ, ಆದರೂ ಮನಸ್ಸಿಟ್ಟು ಕಲಿಯುವವರಿಗೆ ಇದರಿಂದ ಹೊಸದೇನಾದರೂ ದಕ್ಕುತ್ತದೆ.

ವಾಕಡ್ ವಾಸಿ: ಹಿಂಜವಡಿಯವರೇ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಉತ್ತಮ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಹೊಸದಾಗಿ ಸೇರಿಸಿದ ಭಾಗವನ್ನಷ್ಟೇ ಹಾಗೆ ಪರೀಕ್ಷಿಸಿದರೆ ಒಂದು ಗಂಟೆಯೇ ಸಾಕಲ್ಲವೇ? ಆನ್‌ಲೈನ್ ಕಾವಲಿನಲ್ಲಿ ಮನೆಯಿಂದ ಬರೆಯುವ ಕಷ್ಟವನ್ನೂ ನೋಡಿ. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕ್ಯಾಮೆರಾ ಹಿಡಿದು ನಾಲ್ಕು ಗೋಡೆ, ಮೇಜಿನ ಕೆಳಭಾಗ ಎಲ್ಲವನ್ನೂ ತೋರಿಸಬೇಕು, ನಡುವೆ ಮಗು ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಪರೀಕ್ಷೆಯೇ ನಿಲ್ಲಬಹುದು. ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು ನೋಂದಾಯಿಸಿರಬೇಕು. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಇಲ್ಲಿನ ಪದ್ಧತಿಯಂತೆ ತಂದೆಯ ಹೆಸರು, ಮನೆತನದ ಹೆಸರು ಇರುವ ನಮ್ಮಂಥವರಿಗೆ ಅದೂ ಒಂದು ತಲೆನೋವು.

ಬಾಣೇರ್ ಮ್ಯಾನೇಜರ್: ಪರೀಕ್ಷೆ ಹೇಗಿರಬೇಕು ಎನ್ನುವುದಕ್ಕಿಂತ ಅದರ ಖರ್ಚು ಯಾರದು ಎನ್ನುವುದೇ ದೊಡ್ಡ ಪ್ರಶ್ನೆ ಎಂದು ನನ್ನ ಭಾವನೆ. ಅಮೆಜಾನ್ ವೆಬ್ ಸರ್ವೀಸಸ್‌ನ ಪಾಲುದಾರ ಕಂಪನಿ ಮೇಲಿನ ಶ್ರೇಣಿಗೆ ಏರಬೇಕಾದರೆ ಅಲ್ಲಿ ಇಂತಿಷ್ಟು ಮಂದಿ ಸರ್ಟಿಫಿಕೇಟ್ ಪಡೆದಿರಲೇಬೇಕು. ಆ ಶ್ರೇಣಿಯನ್ನು ಮುಂದಿಟ್ಟುಕೊಂಡು ಗ್ರಾಹಕರನ್ನು ಒಲಿಸಿಕೊಳ್ಳುವ ಕಂಪನಿ, ನೌಕರರಿಗೆ ಮಾತ್ರ ಪಾಸಾದರಷ್ಟೇ ಶುಲ್ಕ ಮರಳಿಸುತ್ತೇವೆ ಎನ್ನುವುದು, ಓದಿಗೆ ಶನಿವಾರ ಭಾನುವಾರಗಳನ್ನು ತೋರಿಸುವುದು ತಪ್ಪು. ಶುಲ್ಕವನ್ನು ಮೊದಲೇ ಕಟ್ಟಬೇಕು, ಕೆಲಸದ ವೇಳೆಯಲ್ಲೇ ಓದಲು ಸಮಯ ಕೊಡಬೇಕು. ಅಪ್ರೈಸಲ್‌ನಲ್ಲಿ ಅಂಕ ಕೊಟ್ಟುಬಿಟ್ಟರೆ ಈ ಲೆಕ್ಕ ತೀರುವುದಿಲ್ಲ.

ಹಿಂಜವಡಿ ಇಂಜಿನಿಯರ್: ಖರ್ಚಿನ ವಿಷಯದಲ್ಲಿ ಬಾಣೇರ್‌ನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಪರೀಕ್ಷೆಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ವಾಕಡ್‌ನವರೇ, ಸಿಕೆಎ ಶುಲ್ಕದಲ್ಲಿಯೇ ಎರಡನೆಯ ಅವಕಾಶವೂ ಸೇರಿರುತ್ತದೆ, ಆದ್ದರಿಂದ ಮೊದಲ ಪ್ರಯತ್ನವನ್ನು ಅವಧಿ ಮುಗಿಯುವುದಕ್ಕೆ ಎರಡು ತಿಂಗಳಿರುವಾಗಲೇ ಇಟ್ಟುಕೊಳ್ಳಿ. ಅಮೆಜಾನಿನ ಸರ್ಟಿಫಿಕೇಟ್ ಇರುವವರು ಆರ್ಕಿಟೆಕ್ಟ್ ಪ್ರೊಫೆಷನಲ್ ಪಾಸಾದರೆ ಅದರ ಕೆಳಗಿನ ಹಂತದ ಆರ್ಕಿಟೆಕ್ಟ್ ಅಸೋಸಿಯೇಟ್ ತಾನಾಗಿಯೇ ನವೀಕರಣವಾಗುತ್ತದೆ. ಪಾಸಾದವರಿಗೆ ಅಮೆಜಾನಿನ ಮುಂದಿನ ಪರೀಕ್ಷೆಯ ಶುಲ್ಕದಲ್ಲಿ ಅರ್ಧ ರಿಯಾಯಿತಿಯೂ ಸಿಗುತ್ತದೆ. ಮೈಕ್ರೋಸಾಫ್ಟಿನದನ್ನು ಸುಲಭವೆಂದು ಮುಂದೂಡುತ್ತ ಕೂರಬೇಡಿ. ಒಂದು ದಿನ ತಪ್ಪಿದರೂ ಆ ಉಚಿತ ದಾರಿ ಮುಚ್ಚಿಹೋಗುತ್ತದೆ, ಆಮೇಲೆ ಶುಲ್ಕ ಕಟ್ಟಿ ಪೂರ್ತಿ ಪರೀಕ್ಷೆಯನ್ನೇ ಬರೆಯಬೇಕಾಗುತ್ತದೆ.