ಗೃಹಜ್ಯೋತಿ: ಸರ್ಕಾರದವ್ರು 200 ಯೂನಿಟ್ ಕರೆಂಟ್ ಫ್ರೀ ಅಂದ್ರಲ್ಲ, 96ಕ್ಕೇ ಬಿಲ್ ಬಂದಿದೆ?

ಪೀಣ್ಯ_ಪಕ್ಕದ್ಮನೆ:
ಎಲ್ರಿಗೂ ನಮಸ್ಕಾರ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ನಾನು ಡಿಪ್ಲೊಮಾ ಓದ್ತಿದೀನಿ. ಹಳೇ ಬಾಡಿಗೆ ಮನೇಲಿ ಎರಡು ವರ್ಷ ಜೀರೋ ಬಿಲ್ ಬರ್ತಿತ್ತು, ಈಗ ಹೊಸದಾಗಿ ಕಟ್ಟಿರೋ ಬಿಲ್ಡಿಂಗ್‌ಗೆ ಶಿಫ್ಟ್ ಆಗಿದೀವಿ, ಹಳೇ ಮನೆ ಡಿ-ಲಿಂಕ್ ಮಾಡ್ಸಿ ಈ ಮನೆ ಆರ್‌ಆರ್ ನಂಬರ್‌ಗೆ (ಕರೆಂಟ್ ಕನೆಕ್ಷನ್ ನಂಬರ್) ಅಮ್ಮನ ಆಧಾರ್ ಲಿಂಕ್ ಮಾಡ್ಸಿದ್ದೂ ಆಯ್ತು, ಆದ್ರೂ ಈ ತಿಂಗಳು 96 ಯೂನಿಟ್‌ಗೆ ಇನ್ನೂರೈವತ್ತು ಚಿಲ್ರೆ ಬಿಲ್ ಬಂದಿದೆ. ಮೀಟರ್ ರೀಡರ್‌ನ ಕೇಳಿದ್ರೆ "ನಿಮ್ಗೆ ಇರೋದೇ ಅಷ್ಟು" ಅಂದು ಬೈಕ್ ಹತ್ತಿ ಹೋದ್ರು. ಅಷ್ಟು ಅಂದ್ರೆ ಎಷ್ಟು?

ಲೈನ್‌ಮನ್_ಮಗ:
200 ಯೂನಿಟ್ ಎಲ್ರಿಗೂ ಫ್ರೀ ಅನ್ನೋದು ಭಾಷಣದ ಮಾತು ಕಣಪ್ಪ. 200 ಅನ್ನೋದು ಗಡಿ ಅಷ್ಟೆ. ನಿಮ್ಮ ಮೀಟರಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದು, ಅದರ ಮೇಲೆ 10%, ಅಷ್ಟು ಮಾತ್ರ ಫ್ರೀ. ನಿಮ್ದು ಹೊಸ ಬಿಲ್ಡಿಂಗ್, ಆ ವರ್ಷ ಮೀಟರ್ರೇ ಇರ್ಲಿಲ್ಲ, ಅಂಥವ್ರಿಗೆ 53 ಯೂನಿಟ್ ಸರಾಸರಿ ಅಂತ ಇಟ್ಕೊಂಡು 10% ಸೇರ್ಸಿ 58 ಕೊಡ್ತಾರೆ. 96ರಲ್ಲಿ 58 ಕಳೀರಿ, 38 ಉಳೀತು, ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಮೇಲೆ 9% ಟ್ಯಾಕ್ಸ್. ಲೆಕ್ಕ ಸರಿ ಇದೆ. ಮೀಟರ್ ರೀಡರ್ ಸುಳ್ಳು ಹೇಳಿಲ್ಲ, ನಿಂತು ಹೇಳಿಲ್ಲ ಅಷ್ಟೆ 😄

ಕಲಬುರಗಿ_ಬಿಸಿಲು:
ನಮ್ಮ ಕಥಿ ಕೇಳ್ರಿ. ಸ್ಕೀಮ್ ಚಾಲೂ ಮಾಡಿದ್ದೇ ನಮ್ಮ ಊರಾಗ, 2023 ಆಗಸ್ಟ್ 5ಕ್ಕ. ಬ್ಯಾಸಿಗ್ಯಾಗ ಇಲ್ಲಿ ಕೂಲರ್ ಇಲ್ದ ಮಲಗಾಕ ಆಗಂಗಿಲ್ಲ, ಮೇ ತಿಂಗಳ 203 ಯೂನಿಟ್ ಆತು. ಮೂರಕ್ಕ ರೊಕ್ಕ ಕೊಟ್ರ ಮುಗೀತು ಅಂತ ತಿಳ್ಕೊಂಡಿದ್ವಿ, ಇಲ್ರೀ, 200 ದಾಟಿದ್ರ ಇಡೀ 203ಕ್ಕೂ ಕಟ್ಟಬೇಕು, ಸಾವಿರದೈನೂರರ ಹತ್ರ ಬಂತು. ಈಗ ನಮ್ಮವ್ವ ದಿನಾ ಮುಂಜಾನೆ ಚಹಾಕಿಂತ ಮೊದ್ಲ ಮೀಟರ್ ನೋಡ್ತಾಳ.

ಹಟ್ಟಿ_ಹುಡುಗಿ:
ನಂಗೆ ಈ ಸರಾಸರಿ ಲೆಕ್ಕದ ಮೇಲೇ ಸಿಟ್ಟು. ಊರಲ್ಲಿ ನಮ್ಮಜ್ಜಿ ಎರಡು ಬಲ್ಬು ಹಾಕ್ಕೊಂಡು ತಿಂಗಳಿಗೆ 30 ಯೂನಿಟ್ ಸುಡ್ತಿದ್ರು, ಅದ್ರ 10% ಅಂದ್ರೆ ಮೂರೇ ಯೂನಿಟ್, ಸೇರ್ಸಿದ್ರೆ 33 ಫ್ರೀ. ಆಗ 180 ಸುಟ್ಟೋರಿಗೆ 198 ಫ್ರೀ. ಬಡತನಕ್ಕೆ ಕರೆಂಟ್ ಮುಟ್ಟದೆ ಇದ್ದೋರಿಗೇ ಕಮ್ಮಿ, ಇದ್ಯಾವ ನ್ಯಾಯ? 2024 ಜನವರೀಲಿ ಕ್ಯಾಬಿನೆಟ್ ಒಂಚೂರು ಸರಿ ಮಾಡ್ತು, ಸರಾಸರಿ 48ಕ್ಕಿಂತ ಕಮ್ಮಿ ಇರೋರಿಗೆ 10% ಬದ್ಲು ನೇರ 10 ಯೂನಿಟ್ ಅಂತ, ಅಜ್ಜಿಗೆ ಈಗ 40. ಹಾಗಾಗಿ ಒಂದು ಫ್ಯಾನು ಬಂದಿದೆ, ಮಧ್ಯಾಹ್ನ ಮಾತ್ರ ತಿರುಗುತ್ತೆ.

ವಠಾರದವನು:
ನಿಮ್ಗೆ ಮೀಟರಾದ್ರೂ ಇದೆಯಲ್ಲ. ನಮ್ಮ ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಮೀಟರ್, ಓನರ್ ಹೆಸ್ರಲ್ಲಿ. ಎಲ್ಲ ಸೇರಿ 200 ದಾಟೇ ದಾಟುತ್ತೆ, ಸಬ್‌ಮೀಟರ್ ನೋಡಿ ಯೂನಿಟ್‌ಗೆ 9 ರೂಪಾಯಿ ವಸೂಲಿ ಮಾಡ್ತಾರೆ. ಬಾಡಿಗೆಯವ್ರಿಗೂ ಸ್ಕೀಮ್ ಉಂಟು, ಆದ್ರೆ ಲಿಂಕ್ ಮಾಡೋಕೆ ಆರ್‌ಆರ್ ನಂಬರ್ ಬೇಕಲ್ಲ, ಅದು ಮನೆಗೊಂದು ಇದ್ರೆ ತಾನೆ. ಬೇರೆ ಮೀಟರ್ ಹಾಕ್ಸಿ ಅಂದ್ರೆ "ಬೇಕಾದ್ರೆ ಬೇರೆ ಮನೆ ನೋಡ್ಕೊಳಿ" ಅಂತಾರೆ.

ಪೀಣ್ಯ_ಪಕ್ಕದ್ಮನೆ:
@ಲೈನ್‌ಮನ್_ಮಗ ಥ್ಯಾಂಕ್ಸ್ ಅಣ್ಣ, ಈಗ ಅರ್ಥ ಆಯ್ತು. ಹಳೇ ಮನೇಲಿ ಮೊದ್ಲು ಇದ್ದೋರು ಗೀಸರ್ ಗೀಸರ್ ಅಂತ ಉರ್ಸಿರ್ಬೇಕು, ಅವ್ರ ಪುಣ್ಯದಲ್ಲಿ ನಮ್ಗೆ ಜೀರೋ ಬಿಲ್. ಇಲ್ಲಿ 96 ಆಗಿದ್ದು ಇಂಡಕ್ಷನ್‌ನಿಂದ, ಸಿಲಿಂಡರ್ ಉಳೀಲಿ ಅಂತ ಅಮ್ಮ ಅನ್ನ ಅದ್ರಲ್ಲೇ ಮಾಡ್ತಿದ್ರು. ಈ 58 ಮುಂದೆ ಜಾಸ್ತಿ ಆಗುತ್ತಾ?

ಲೈನ್‌ಮನ್_ಮಗ:
ಅದು ನಂಗೂ ಖಚಿತವಾಗಿ ಗೊತ್ತಿಲ್ಲ. ಸುಮ್ನೆ ಕಾಯ್ಬೇಡಿ. ಏನೇ ಡೌಟ್ ಇದ್ರೂ ಕರೆಂಟ್ ಹೆಲ್ಪ್‌ಲೈನ್ 1912ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಇಸ್ಕೊಳಿ. ಇಂಡಕ್ಷನ್ ಮಾತ್ರ ಎತ್ತಿ ಅಟ್ಟಕ್ಕೆ ಇಡಿ.