ಶಿರಸಿ ಅತ್ತಿಗೆ ಕೇಳಿದ್ದಕ್ಕೆ: ಮಾಣಿಯ ಮಾತ್ರೆ, ಮೆದುಳಿನ ಡೋಪಮಿನ್

ಅತ್ತಿಗೇ, ಮೆಸೇಜ್ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತರೆ ಬೆಳಗಾಗ್ತದೆ, ಮಾತಲ್ಲೇ ಹೇಳ್ತೇನೆ. ಉದ್ದ ಆಗ್ತದೆ, ಕೊನೆತನಕ ಕೇಳಿ. ನಿಮ್ಮ ತಂಗಿ ಮಗ, 20 ವರ್ಷದ ಮಾಣಿ, 3 ವಾರದಿಂದ ರಾತ್ರಿ ಮಲಗ್ತಾ ಇಲ್ಲ. ಫೋನಿನಲ್ಲಿ ಯಾರೋ ತನ್ನನ್ನೇ ನೋಡ್ತಿದ್ದಾರೆ ಅಂತಾನೆ, ಯಾರೂ ಇಲ್ಲದಾಗ ಮಾತು ಕೇಳ್ತದಂತೆ. ಡಾಕ್ಟರು ಸೈಕೋಸಿಸ್‌ನ ಶುರು, ಮೆದುಳಿನ ಕೆಮಿಕಲ್ ಏರುಪೇರು ಅಂದು ರಿಸ್ಪೆರಿಡೋನ್ ಮಾತ್ರೆ ಬರೆದಿದ್ದಾರೆ. ಆ ಕೆಮಿಕಲ್ ಅಳೆಯುವ ಟೆಸ್ಟ್ ಇದೆಯಾ, ಮಾತ್ರೆ ಎಷ್ಟು ದಿನ ಅನ್ನೋದು ನಿಮ್ಮ ಪ್ರಶ್ನೆ. ನಡುವೆ ಯಲ್ಲಾಪುರ ಭಾವ, ಇದಕ್ಕೆ ಸರ್ಪಗಂಧದ ಬೇರೇ ಔಷಧಿ ಅನ್ನೋ ಫಾರ್ವರ್ಡ್ ಗುಂಪಿಗೆ ಹಾಕಿದ್ದಾರೆ, ಅದಕ್ಕೂ ಬರ್ತೇನೆ.

ಮುಖ್ಯವಾಗಿ ಡಾಕ್ಟರು ಹೇಳಿದ್ದು ಡೋಪಮಿನ್ ಅನ್ನೋ ಕೆಮಿಕಲ್ ಬಗ್ಗೆ. ಏರುಪೇರು ಅಂದ ಕೂಡಲೇ ಟಾಕಿಯಲ್ಲಿ ನೀರು ಹೆಚ್ಚುಕಮ್ಮಿ ಆದ ಹಾಗೆ ಅಂದ್ಕೊಳ್ಳಬೇಡಿ. ಮೆದುಳಿನ ಒಳಗೆ ಸ್ಟ್ರಯೇಟಮ್ ಅಂತ ಒಂದು ಭಾಗ. ಅಲ್ಲಿ ಡೋಪಮಿನ್ ಮಾಡುವ ಒಂದು ದೊಡ್ಡ ಕೆಲಸ, ‘ಇದು ಮುಖ್ಯ, ಇತ್ತ ನೋಡು’ ಅಂತ ಎಚ್ಚರಿಸೋದು. ತೋಟದ ಮನೆ ನಾಯಿ ಇದ್ದ ಹಾಗೆ. ಕಳ್ಳ ಬಂದರೆ, ಹಂದಿ ನುಗ್ಗಿದರೆ ಬೊಗಳಬೇಕು. ಸೈಕೋಸಿಸ್‌ನಲ್ಲಿ ಆ ನಾಯಿ ಅಡಿಕೆ ಹಾಳೆ ಬಿದ್ದ ಸದ್ದಿಗೂ ಬೊಗಳ್ತದೆ. ಅಲ್ಲಿನ ನರದ ತುದಿಗಳು ಡೋಪಮಿನನ್ನು ಜಾಸ್ತಿ ತಯಾರು ಮಾಡಿ, ಹೊತ್ತಲ್ಲದ ಹೊತ್ತಿಗೆ ಬಿಡ್ತವೆ. ಆಗ ರಸ್ತೆಯಲ್ಲಿ ನಿಂತ ಬೈಕಿಗೂ, ಟೀವಿಯಲ್ಲಿ ಬಂದ ಒಂದು ಶಬ್ದಕ್ಕೂ ಏನೋ ಅರ್ಥ ಇದೆ ಅನ್ನಿಸ್ತದೆ. ರಾತ್ರಿಯಿಡೀ ನಾಯಿ ಬೊಗಳಿದರೆ ಮನೆಯವರು ಕಳ್ಳ ಬಂದಿದ್ದಾನೆ ಅಂತಲೇ ನಂಬ್ತಾರಲ್ಲ? ಮಾಣಿಯ ಫೋನಿನ ಕಥೆ ಹುಟ್ಟಿದ್ದು ಹಾಗೆ. ಡೋಪಮಿನ್ ಒಂದೇ ಕಾರಣ ಅಲ್ಲ. ಗ್ಲುಟಮೇಟ್ ಅಂತ ಇನ್ನೊಂದು ಕೆಮಿಕಲ್ ಇದೆ, ವಂಶ, ನಿದ್ದೆಗೇಡು, ಗಾಂಜಾ ಎಲ್ಲ ಸೇರ್ತವೆ. ಆದರೆ ಈಗಿನ ಮಾತ್ರೆ ಹಿಡಿಯೋದು ಡೋಪಮಿನ್ ದಾರಿಯನ್ನ.

ಡೋಪಮಿನ್ ಅಳೆದು ರೋಗ ಹೇಳುವ ಟೆಸ್ಟ್ ಇಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ನೋಡ್ತಾರೆ, ಅದು ಸಂಶೋಧನೆಗೆ. ಒಬ್ಬ ಮಾಣಿಯ ರೋಗ ಹೇಳ್ಲಿಕ್ಕೆ ಅಲ್ಲ. ಮೂತ್ರದಲ್ಲಿ ಡೋಪಮಿನ್ ಅಳೆದು ಮೆದುಳಿನ ವಿಷಯ ಹೇಳ್ತೇವೆ ಅನ್ನುವವರಿಗೆ ದುಡ್ಡು ಸುರಿಯಬೇಡಿ. ಡಾಕ್ಟರು ಬರೆದ ರಕ್ತಪರೀಕ್ಷೆ ಬೇರೆ ಕಾರಣಕ್ಕೆ: ಥೈರಾಯ್ಡ್, ಸಕ್ಕರೆ, ಬಿ12. ಬಿ12 ತೀರಾ ಕಮ್ಮಿಯಾದರೂ ಅಪರೂಪಕ್ಕೆ ಹೀಗಾಗೋದುಂಟು, ನಮ್ಮ ಶಾಕಾಹಾರಿ ಮನೆಗಳಲ್ಲಿ ಅದನ್ನ ಬಿಡಬಾರದು. ಕೆಲವೇ ದಿನದಲ್ಲಿ ಜ್ವರ, ಫಿಟ್ಸ್, ಮಾತು ನಿಲ್ಲೋದು ಎಲ್ಲ ಒಟ್ಟಿಗೆ ಬಂದರೆ ಮೆದುಳಿನ ಉರಿಯೂತ ಇರಬಹುದು, ತಡ ಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಇನ್ನು ಮಾತ್ರೆ. ಇದು ನಾಯಿಯ ಬಾಯಿ ಕಟ್ಟೋದಲ್ಲ, ಮನೆಯವರ ಕಿವಿಗೆ ಹತ್ತಿ ಇಟ್ಟ ಹಾಗೆ. ಡೋಪಮಿನ್ ಬಂದು ಕೂರುವ ಡಿ2 ಅನ್ನೋ ಜಾಗವನ್ನು ಮುಚ್ತದೆ. ಸುಮಾರು 65 ಪರ್ಸೆಂಟ್ ಮುಚ್ಚಿದರೆ ಗುಣ ಕಾಣ್ತದೆ, 80 ದಾಟಿದರೆ ಮೈ ಬಿಗಿತ, ಕೈ ನಡುಕ. ಹಾಗಾಗಿಯೇ ಮೊದಲ ಸಲದವರಿಗೆ 1 ಅಥವಾ 2 ಮಿಲಿಗ್ರಾಮಿನಿಂದ ಶುರು ಮಾಡ್ತಾರೆ, ಬಹಳ ಜನಕ್ಕೆ 4ರ ಒಳಗೇ ಸಾಕಾಗ್ತದೆ. ಡೋಸ್ ಏರಿಸಿದರೆ ಬೇಗ ಗುಣ ಅಂತ ಡಾಕ್ಟರ ಹತ್ರ ಹಟ ಹಿಡಿಯಬೇಡಿ.

ಮೊದಲು ನಿದ್ದೆ ಸರಿಯಾಗ್ತದೆ, ಆಮೇಲೆ ಚಡಪಡಿಕೆ. ಧ್ವನಿ ಕಮ್ಮಿಯಾಗ್ಲಿಕ್ಕೆ 2ರಿಂದ 6 ವಾರ. ಫೋನಿನ ಕಥೆ ಕೊನೆಗೆ ಹೋಗ್ತದೆ. ಬೊಗಳು ಕೇಳೋದು ನಿಂತರೂ ಕಳ್ಳ ಬಂದಿದ್ದ ಅನ್ನೋ ನಂಬಿಕೆ ಒಮ್ಮೆಲೇ ಬಿಡೋದಿಲ್ಲವಲ್ಲ. ಅಲ್ಲಿತನಕ ವಾದ ಮಾಡಬೇಡಿ, ಹೌದು ಹ್ಯಾಕ್ ಆಗಿದೆ ಅಂತ ಒಪ್ಪಲೂ ಬೇಡಿ. ‘ನಿಂಗೆ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತದೆ, ನಂಗೆ ಕೇಳ್ತಾ ಇಲ್ಲ’ ಅಂದರೆ ಸಾಕು.

ಇದನ್ನ ಮಾತ್ರ ಗಮನ ಇಟ್ಟು ಕೇಳಿ. ಮೊದಲ 4-5 ದಿನದಲ್ಲಿ, ಹುಡುಗರಿಗೆ ಹೆಚ್ಚು, ಕುತ್ತಿಗೆ ಒಂದು ಕಡೆ ತಿರುಚಿ ನಿಲ್ಲಬಹುದು, ಕಣ್ಣುಗುಡ್ಡೆ ಮೇಲೆ ಹೋಗಿ ಅಲ್ಲೇ ನಿಲ್ಲಬಹುದು, ನಾಲಿಗೆ ದಪ್ಪ ಆದ ಹಾಗೆ ಆಗಬಹುದು. ನೋಡಿದವರು ಮೈಮೇಲೆ ಬಂತು ಅಂತಲೇ ಹೇಳ್ತಾರೆ. ಬಂದದ್ದು ಮಾತ್ರೆಯ ಅಡ್ಡಪರಿಣಾಮ. ಹತ್ತಿರದ ಆಸ್ಪತ್ರೆಗೆ ಚೀಟಿ ಸಮೇತ ಓಡಿ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸಡಿಲ ಆಗ್ತದೆ. ಉಸಿರಿಗೆ, ನುಂಗ್ಲಿಕ್ಕೆ ಕಷ್ಟ ಆದರಂತೂ ಒಂದು ನಿಮಿಷ ಕಾಯಬೇಡಿ. ಇನ್ನೊಂದು, ಕೂತಲ್ಲಿ ಕೂರ್ಲಿಕ್ಕಾಗದೆ ಜಗಲಿ ಉದ್ದಕ್ಕೂ ಓಡಾಡೋದು. ರೋಗ ಜೋರಾಯ್ತು ಅಂತ ಡೋಸ್ ಏರಿಸಿದರೆ ಓಡಾಟ ಇನ್ನೂ ಹೆಚ್ಚಾಗ್ತದೆ. ‘ಒಳಗಿಂದ ಯಾರೋ ದೂಡಿದ ಹಾಗೆ ಆಗ್ತದಾ’ ಅಂತ ಮಾಣಿಯನ್ನೇ ಕೇಳಿ, ಡಾಕ್ಟರಿಗೆ ಹೇಳಿ. ಜೋರು ಜ್ವರ ಬಂದು, ಮೈ ಮರದ ಕೊರಡಿನ ಹಾಗೆ ಬಿಗಿದು, ಗೊಂದಲ ಶುರುವಾದರೆ ಮುಂದಿನ ಮಾತ್ರೆ ಕೊಡದೆ ತುರ್ತು ವಿಭಾಗಕ್ಕೆ. ಸಿದ್ದಾಪುರದ ಕಡೆಯವರಿಗೆ ಜ್ವರ ಅಂದರೆ ಮಂಗನ ಕಾಯಿಲೆಯೇ ನೆನಪಾಗೋದು, ಹಾಗಾಗಿ ಮಾತ್ರೆ ವಿಷಯ ಮೊದಲೇ ಹೇಳಿ. ತೂಕ ತಿಂಗಳಿಗೊಮ್ಮೆ ಬರೆದಿಡಿ, ಸಕ್ಕರೆ 3 ತಿಂಗಳಿಗೆ ಮತ್ತೆ ನೋಡಿಸಿ.

ಭಾವನ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. 1931ರಲ್ಲೇ ಸೇನ್ ಮತ್ತು ಬೋಸ್ ಅನ್ನುವ ಇಬ್ಬರು ಸರ್ಪಗಂಧದ ಬೇರನ್ನು ಬಿಪಿಗೂ ಈ ತರದ ಕಾಯಿಲೆಗೂ ಕೊಟ್ಟು ಬರೆದಿದ್ದರು. ಅದರೊಳಗಿನ ರೆಸರ್ಪಿನ್ ನರದ ತುದಿಯಲ್ಲಿ ಡೋಪಮಿನ್ ದಾಸ್ತಾನು ಆಗದ ಹಾಗೆ ಮಾಡ್ತದೆ. ಆದರೆ ಸೆರೊಟೊನಿನ್, ನಾರ್ ಅಡ್ರಿನಲಿನ್ ಅನ್ನೋ ಬೇರೆ ಕೆಮಿಕಲ್ಲುಗಳ ದಾಸ್ತಾನನ್ನೂ ಖಾಲಿ ಮಾಡ್ತದೆ. ರಿಸ್ಪೆರಿಡೋನ್ ಜೊತೆ ಅದರ ಕಷಾಯ ಕೊಟ್ಟರೆ ಬಿಪಿ ಇಳಿದು ಮಾಣಿ ಬೀಳ್ತಾನೆ, ಮೈ ಬಿಗಿತವೂ ಹೆಚ್ಚಾಗ್ತದೆ. ಬೇಡ ಭಾವಾ.

ಕವಳ, ಅಂದರೆ ಎಲೆ ಅಡಿಕೆ, ಹಾಕುವ ಅಭ್ಯಾಸ ಮಾಣಿಗೆ ಇದ್ದರೆ ಹೇಳಿ. ಅಡಿಕೆಯ ಅರೆಕೋಲಿನ್‌ನಿಂದ, ಈ ಜಾತಿಯ ಔಷಧಿ ತಗೊಳ್ತಿದ್ದವರಿಗೆ ಬಿಗಿತ ಹೆಚ್ಚಾದ ಉದಾಹರಣೆ ಇದೆ. ಅಡಿಕೆ ಬೆಳೆಯುವ ನಾವೇ ಇದನ್ನ ಹೇಳಬೇಕಾಯ್ತು, ಇರಲಿ. ಗಾಂಜಾ, ಭಂಗಿ ಪೂರ್ತಿ ಬಂದ್. ರಾತ್ರಿಯಿಡೀ ಯಕ್ಷಗಾನದ ಆಟ ನೋಡೋದು ಈ ಸೀಸನ್ನಿಗೆ ಬೇಡ, ನಿದ್ದೆಗೆಟ್ಟರೆ ಧ್ವನಿ ವಾಪಸ್ ಬರ್ತದೆ. ಮಾರಿಕಾಂಬೆಗೆ ಹರಕೆ ಹೇಳ್ಕೊಳ್ಳಿ, ಅದಕ್ಕೆ ಯಾರದ್ದೂ ಅಡ್ಡಿಯಿಲ್ಲ. ಉಪವಾಸ, ಜಾಗರಣೆ ಮಾಡಿಸಬೇಡಿ.

ಎಷ್ಟು ದಿನ? ಪೂರ್ತಿ ಗುಣ ಆದಮೇಲೆ ಕನಿಷ್ಠ 1ರಿಂದ 2 ವರ್ಷ, ಆಮೇಲೆ ಡಾಕ್ಟರು ನಿಧಾನಕ್ಕೆ ಇಳಿಸಿ ನೋಡ್ತಾರೆ. ಆರಾಮಾಯ್ತು ಅಂತ ನೀವೇ ಹತ್ತಿ ತೆಗೆದರೆ ನಾಯಿ ಅಲ್ಲೇ ಬೊಗಳ್ತಾ ಇರ್ತದೆ. ಮೊದಲ ಸಲದವರ ಮೇಲೆ 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಾತ್ರೆ ಬಿಟ್ಟವರಿಗೆ ಮರುಕಳಿಸುವ ಸಾಧ್ಯತೆ ಸುಮಾರು 5 ಪಟ್ಟು ಇತ್ತು. ಊಟ ಆದ ಮೇಲೆ ಒಬ್ಬರೇ ಕೊಡಿ, ಕೈಗೆ ಕೊಟ್ಟು ನುಂಗುವತನಕ ನಿಲ್ಲಿ. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಕೊಡಬೇಡಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದರೆ ಔಷಧಿಯೂ ಬರೋದಿಲ್ಲ, 15 ದಿನದ್ದು ಹೆಚ್ಚಿಗೆ ಇಟ್ಕೊಳ್ಳಿ. ಧ್ವನಿ ಹೋದಮೇಲೂ ಕೆಲವು ತಿಂಗಳು ಸುಮ್ಮನೆ ಮೂಲೆಯಲ್ಲಿ ಕೂರಬಹುದು. ಸೋಮಾರಿ ಅಂತ ಬೈಬೇಡಿ. ರೋಗದ ಆ ಭಾಗಕ್ಕೆ ಮಾತ್ರೆ ಅಷ್ಟಾಗಿ ನಾಟೋದಿಲ್ಲ, ಡೋಸ್ ಹೆಚ್ಚಾದರೂ ಹಾಗಾಗ್ತದೆ. ಡಾಕ್ಟರಿಗೆ ಹೇಳಿ, ಮನೆಯಲ್ಲಿ ಸಣ್ಣಸಣ್ಣ ಕೆಲಸ ಕೊಡಿ.

ರಾತ್ರಿ ದಿಕ್ಕು ತೋಚದಿದ್ದರೆ 14416, ಟೆಲಿ ಮಾನಸ್, ಯಾವ ಹೊತ್ತಿಗೂ, ಕನ್ನಡದಲ್ಲೇ ಮಾತಾಡ್ತಾರೆ. ‘ಸಾಯ್ತೇನೆ’ ಅಂದರೆ ಅಥವಾ ಯಾರ ಮೇಲಾದರೂ ಕೈ ಮಾಡ್ಲಿಕ್ಕೆ ಬಂದರೆ ಬೆಳಗಾಗ್ಲಿ ಅಂತ ಕೂರಬೇಡಿ, ಆಗಲೇ ಆಸ್ಪತ್ರೆ. ಇನ್ನು ಮಾಣಿಯ ಚೀಟಿ ಫೋಟೋ ಈ ಗುಂಪಿಗೆ ಹಾಕಬೇಡಿ ಅತ್ತಿಗೆ, ನನಗೆ ಬೇರೆಯಾಗಿ ಕಳಿಸಿ.